ದೇವರ ಗೂಡಿನ ಲಾಳಿ

ಮೊನ್ನೆ ಸಂಜೆ ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದೆ. ನಮ್ಮಲ್ಲಿಗೆ ಬಂದಿರುವ ನನ್ನ ತಮ್ಮನ ಮಗ ಸುಬ್ಬಣ್ಣ ಮಣೆ ಹಾಕಿಕೊಂಡು ಹತ್ತಿ, ದೇವರ ಗೂಡಿಗೆ ಕೈಹಾಕಿ, ಒಳಗಿದ್ದ ಲಾಳಿಯನ್ನು ಎಳೆದುಕೊಂಡ. ಕುಂಕುಮವೆಲ್ಲ ಅವನ ಅಂಗೈಗೆ ಮೆತ್ತಿಕೊಂಡಿತು.

"ಅತ್ತೆ, ಇದ್ಯಾವ ದೇವ್ರು?"

"ದೇವ್ರಲ್ಲ ಕಣೋ. ನಿಮ್ಮಪ್ಪನ ಮಗ್ಗದ ಹಳೇ ಲಾಳಿ."

"ನಮ್ಮಪ್ಪ ಆಯುಧಪೂಜೆ ದಿನ ಮಾತ್ರ ಲಾಳಿಗೆ ಕುಂಕುಮ ಇಡ್ತಾನೆ. ನೀನ್ಯಾಕೆ ದಿನಾ ಇಡ್ತೀಯ?"

ಅದು ಅಲ್ಲಿಗೆ ಬಂದದ್ದು ನಿನ್ನಿಂದಲೇ ಎಂದರೆ ಅವನಿಗೇನು ತಿಳಿದೀತು! ಕೈಗೊಂದು ಚಕ್ಕುಲಿ ಕೊಟ್ಟು ಬಾಯಿ ಮುಚ್ಚಿಸಿದೆ. ನಿಮಗೆ ಚಕ್ಕುಲಿ ಕೊಡುವ ಅನುಕೂಲವಿಲ್ಲ. ಆದ್ದರಿಂದ ನಡೆದದ್ದನ್ನೇ ಹೇಳಿಬಿಡುತ್ತೇನೆ.

ನಮ್ಮ ದೇವರ ಗೂಡು ದೊಡ್ಡದೇನಲ್ಲ. ಗೋಡೆಯೊಳಗೆ ಒಂದು ಮೊಳದಷ್ಟು ಜಾಗ. ಚೌಡೇಶ್ವರಿ ತಾಯಿಯ ಪಟ, ಘಾಟಿ ಸುಬ್ರಹ್ಮಣ್ಯನ ಹಿತ್ತಾಳೆಯ ನಾಗ, ನಮ್ಮತ್ತೆಯವರು ಬಿಟ್ಟುಹೋದ ಗಂಟೆ. ದಿನಾ ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನೆಲ್ಲ ತಾಯಿಗೆ ಒಂದೊಂದಾಗಿ ಹೇಳುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ ತಾಯಿ, ಸೌದೆ ಹಸಿಯಾಗಿದ್ದರೂ ಒಲೆ ಹತ್ತಿತು ತಾಯಿ, ಬಾವಿಗೆ ಬಿದ್ದ ಕೊಡ ಸಿಕ್ಕಿತು ತಾಯಿ. ನಮ್ಮ ಯಜಮಾನರಿಗೆ ದೇವನಹಳ್ಳಿ ಪೇಟೆಯಲ್ಲಿ ಜವಳಿ ಅಂಗಡಿ. ಅವರು ಪಕ್ಕದಲ್ಲಿ ಕೈಮುಗಿದು ನಿಂತು ನಗುತ್ತಾರೆ. "ನೀನು ಹೇಳೋದು ಮುಗಿಯೋ ಹೊತ್ತಿಗೆ ಅವಳಿಗೂ ಆಕಳಿಕೆ ಬಂದಿರುತ್ತೆ ಕಣೇ." ಬರಲಿ. ಒಳ್ಳೆಯ ಸುದ್ದಿ ಕೇಳಿ ಆಕಳಿಸಿದರೆ ತಪ್ಪೇನು?

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಚಿಕ್ಕವಳಿದ್ದಾಗಲೇ ಮದುವೆಯಾಗಿ ಈ ಮನೆಗೆ ಬಂದೆ. ಇಲ್ಲಿ ಸೀರೆ ಮಾರುತ್ತಾರೆಯೇ ಹೊರತು ನೇಯುವುದಿಲ್ಲ. ಹೀಗಾಗಿ ಮಗ್ಗದ ಸಂಗತಿಗಳು ನನಗೆ ಮರೆತೇಹೋಗಿದ್ದವು. ಅಷ್ಟೇ ಅಲ್ಲ, ಅಂಗಡಿಯವರ ಹೆಂಡತಿಯಾದ ಮೇಲೆ ತವರಿನ ಬಗ್ಗೆ ಸ್ವಲ್ಪ ಮೂಗು ಮುರಿಯುವುದೂ ಬಂದಿತ್ತೇನೋ.

ತಮ್ಮ ನಂಜುಂಡನಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಾಗಲಿಲ್ಲ. ಘಾಟಿಗೆ ಹರಕೆ ಹೊತ್ತವಳು ನಾನೇ. ಮಾಕಳಿದುರ್ಗದ ಕಡೆಯ ಆ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಬಂದೆ. ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಸುಬ್ಬಣ್ಣ ಹುಟ್ಟಿದ. ಹರಕೆ ಹೊತ್ತವಳಿಗೆ ಮಗುವಿನ ಮೇಲೆ ಒಂದಿಷ್ಟು ಹಕ್ಕು ಇರುತ್ತದಲ್ಲವೇ? ಇರುತ್ತದೆಂದೇ ನಾನು ತಿಳಿದಿದ್ದೆ. ಆ ಹಕ್ಕನ್ನು ಹೊತ್ತುಕೊಂಡು ಹದಿನೈದು ದಿನಕ್ಕೊಮ್ಮೆ ಇದ್ದಿಲು ಬಸ್ಸು ಹತ್ತುತ್ತಿದ್ದೆ. ಪೆಟ್ರೋಲು ಸಿಗದ ಕಾಲ ಅದು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿ ಅದರಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದರೆ ಅದಕ್ಕೆ ಉಬ್ಬಸ. ಆಗ ಗಂಡಸರು ಇಳಿದು ತಳ್ಳುವುದು, ಹೆಂಗಸರು ಇಳಿದು ಹಿಂದೆ ನಡೆಯುವುದು. ದೊಡ್ಡಬಳ್ಳಾಪುರ ತಲಪುವಷ್ಟರಲ್ಲಿ ಮುಖವೆಲ್ಲ ಮಸಿ. ಆ ಮಸಿ ಮುಖದಲ್ಲೇ ಹೋಗಿ ನನ್ನ ನಾದಿನಿಗೆ, ಅಂದರೆ ನಂಜುಂಡನ ಹೆಂಡತಿ ಗೌರಳಿಗೆ, ಮಗುವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಹೇಗೆಂದು ಪಾಠ ಹೇಳುತ್ತಿದ್ದೆ.

ಗೌರ ಒಳ್ಳೆಯವಳು. ಆದರೆ ಏನು ಮಾಡಿದರೂ ಗಾಳಿಯಂತೆ. ನಮ್ಮತ್ತೆಯವರ ಕಾಲದಲ್ಲಿ ಮಗುವಿಗೆ ಎಣ್ಣೆ ನೀರೆಂದರೆ ಅರ್ಧ ಬೆಳಗಿನ ಕೆಲಸ. ನೆತ್ತಿಗೆ ಹರಳೆಣ್ಣೆ ಒತ್ತಿ, ಕಾಲ ಮೇಲೆ ಬೋರಲು ಮಲಗಿಸಿ, ಹದವಾದ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ, ಬಜೆ ತೇಯ್ದು ನೆಕ್ಕಿಸಿ, ಆಮೇಲೆ ಕಾಡಿಗೆಯ ಬೊಟ್ಟು. ಗೌರ ಇಷ್ಟನ್ನೂ ಒಂದು ತೆಂಗಿನಕಾಯಿ ತುರಿಯುವ ಹೊತ್ತಿನಲ್ಲಿ ಮುಗಿಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರಾಟೆಯ ಮುಂದೆ ಕುಳಿತುಬಿಡುವಳು. ಒಂದು ಕೈಯಲ್ಲಿ ಮಗುವಿನ ತಲೆ, ಇನ್ನೊಂದರಲ್ಲಿ ರಾಟೆ. ನಂಜುಂಡ ನೇಯುತ್ತಿದ್ದರೆ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳನ್ನು ಇವಳು ಸುತ್ತಿ ಸುತ್ತಿ ಕೊಡಬೇಕಲ್ಲ. ಮಗುವಿನ ಜೊತೆ ಮುದ್ದು ಮಾತಿಲ್ಲ, ಲಾಲಿ ಹಾಡಿಲ್ಲ. ದೊಡ್ಡವರೊಡನೆ ಆಡುವಂತೆ, "ಏನ್ ಸ್ವಾಮಿ, ಎದ್ರಾ? ಸ್ವಲ್ಪ ತಡ್ಕೊಳಿ, ಇದೊಂದು ಕಂಡಿಕೆ ಮುಗೀಲಿ" ಎನ್ನುವಳು. ಸ್ವಾಮಿಗಳು ಖಾಲಿ ಕಂಡಿಕೆಯೊಂದನ್ನು ಬಾಯಿಗಿಟ್ಟು ಚೀಪುತ್ತ ತಡೆದುಕೊಳ್ಳುವರು.

ಅದನ್ನೂ ಸಹಿಸಿಕೊಂಡೇನು. ನನ್ನ ಹೊಟ್ಟೆಗೆ ಬೆಂಕಿ ಹಾಕುತ್ತಿದ್ದದ್ದು ಆ ಜೋಲಿ. ಹಳೆಯ ಸೀರೆಯನ್ನು ಮಗ್ಗದ ಮೇಲಿನ ತೊಲೆಗೇ ಕಟ್ಟಿ, ಅದರೊಳಗೆ ಮಗುವನ್ನು ಹಾಕಿದ್ದಳು. ಕೆಳಗೆ, ನೇಯುವವನು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿ ಕೈಯಳತೆಯಲ್ಲಿ. ನಂಜುಂಡ ಒಂದೊಂದು ಸಲ ಲಾಳಿ ಎಸೆದು ಬಡಿದಾಗಲೂ ತೊಲೆ ಅದುರುವುದು, ಜೋಲಿ ಅದುರುವುದು, ಒಳಗಿನ ಪ್ರಾಣವೂ ಅದುರುವುದು.

"ಏನೇ ಗೌರ, ಮಗೂನ ಎಲ್ಲಿ ನೇತಾಕಿದೀಯ! ಹಗಲೆಲ್ಲ ತಲೆ ಮೇಲೆ ಈ ಟಕಟಕ. ಕಿವಿ ಏನಾಗ್ಬೇಕು? ಎದೆ ಏನಾಗ್ಬೇಕು?"

"ಏನೂ ಆಗಲ್ಲ ಬಿಡಿ ಅತ್ಗೆ. ಇಲ್ಲಾದ್ರೆ ನನ್ನ ಕಣ್ಮುಂದೆ ಇರ್ತಾನೆ."

"ಕಣ್ಮುಂದೆ ಬಾವೀನೂ ಇರುತ್ತೆ!"

ಮೂಲೆಯಲ್ಲಿ ಕುಳಿತ ಅಮ್ಮನಿಗೆ ಆಗಲೇ ಕಣ್ಣು ಮಂಜು. ನಾಲಿಗೆ ಮಾತ್ರ ಚುರುಕು. "ಲೇ, ಬಂದೋಳು ಮೊದ್ಲು ಮುಖ ತೊಳ್ಕೊಳೇ. ನಿನ್ನ ನೋಡಿ ಮಗು ಹೆದರೀತು" ಎನ್ನುವಳು.

ನನ್ನ ಚಿಂತೆಯನ್ನು ಕಂಡು ನಗಬೇಡಿ. ನನಗೂ ಒಂದು ಹೆಣ್ಣು ಮಗು ಹುಟ್ಟಿತ್ತು. ಹಲ್ಲು ಮೂಡುವ ಮೊದಲೇ, ಎರಡು ದಿನದ ಜ್ವರದಲ್ಲಿ, ಒಂದು ಬೆಳಗ್ಗೆ ಅಳು ನಿಲ್ಲಿಸಿತು. ಅದರ ವಿಷಯ ಇಷ್ಟೇ ಬರೆಯಬಲ್ಲೆ. ಆಮೇಲೆ ದೇವರು ಕೊಡಲಿಲ್ಲ. ಗಿಳಿ ಕೆತ್ತಿದ ನಮ್ಮ ಮರದ ತೊಟ್ಟಿಲು ಅಟ್ಟಕ್ಕೆ ಹೋಯಿತು. ಬರೀ ತೊಟ್ಟಿಲು ತೂಗಬಾರದೆಂಬ ಮಾತಿದೆಯಲ್ಲ. ವರ್ಷಕ್ಕೊಮ್ಮೆ ಧೂಳು ಒರೆಸುವಾಗಲೂ ಅದು ಅಲುಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಒರೆಸುತ್ತಿದ್ದೆ.

ಸುಬ್ಬಣ್ಣ ಅಂಬೆಗಾಲಿಡುವ ಹೊತ್ತಿಗೆ ಗೌರಳಿಗೆ ಚಳಿಜ್ವರ ಬಂತು. ಹಲ್ಲು ಕಟಕಟ ಎನ್ನುವಂಥ ಚಳಿ. ಹಾಲು ಬತ್ತಿತು. ಮಗು ರಾಗಿ ಸರಿ, ಹಸುವಿನ ಹಾಲು ಕುಡಿಯುತ್ತಿತ್ತು; ಆದರೆ ನೋಡಿಕೊಳ್ಳುವವರು ಯಾರು? ಅಮ್ಮನಿಗೆ ಕಣ್ಣಿಲ್ಲ. ನಂಜುಂಡನ ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ. ಡಾಕ್ಟರೂ, ಸ್ವಲ್ಪ ದಿನ ಮಗು ಬೇರೆ ಕಡೆ ಇದ್ದರೆ ಒಳ್ಳೆಯದು ಎಂದರು. ನಾನು ಕಾದಿದ್ದವಳಂತೆ ಕೈಚಾಚಿದೆ. ಗೌರ ಕಂಬಳಿಯೊಳಗಿಂದಲೇ ಮಗುವಿನ ಪಾದ ಹಿಡಿದುಕೊಂಡು ಏನೋ ಹೇಳಲು ಹೋದಳು. ಚಳಿಗೆ ಮಾತು ಹೊರಡಲಿಲ್ಲ. "ನಾನಿದೀನಿ, ನೀನು ಸುಮ್ನೆ ಮಲಕ್ಕೋ" ಎಂದು ಹೊರಟೆ. ಅವಳ ಜ್ವರಕ್ಕೆ ಮನಸ್ಸು ನೊಂದಿತ್ತು, ನಿಜ. ಬಸ್ಸಿನಲ್ಲಿ ಕುಳಿತು ಮಗುವನ್ನು ಸೆರಗಿನೊಳಗೆ ಹಾಕಿಕೊಂಡಾಗ ಸಂತೋಷವಾದದ್ದೂ ನಿಜ. ಒಂದೇ ಎದೆಯಲ್ಲಿ ಎರಡೂ ಇರುತ್ತವೆ.

ಮನೆಗೆ ಬಂದವಳೇ ಅಟ್ಟದಿಂದ ತೊಟ್ಟಿಲು ಇಳಿಸಿದೆ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮೆತ್ತನೆಯ ಹಾಸು ಹಾಕಿದೆ. ಪಾಪ, ಹುಟ್ಟಿದಂದಿನಿಂದ ಸದ್ದಿನಲ್ಲೇ ಬೆಂದಿದೆ. ನನ್ನ ಮನೆಯಲ್ಲಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು ಮನೆಯಲ್ಲಿ ಹೊಸ ಕಾನೂನು ತಂದೆ. ಯಜಮಾನರು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರಬೇಕು. ಸೀನು ಬಂದರೆ ಹಿತ್ತಲಿಗೆ ಹೋಗಬೇಕು. ದೇವರ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದೆ, ತಾಯಿ ಕ್ಷಮಿಸಲಿ. ಪಕ್ಕದ ಮನೆಯ ಮುನಿಯಮ್ಮ ದಿನಾ ಮಧ್ಯಾಹ್ನ ಅಂಗಳದಲ್ಲಿ ಭತ್ತ ಕುಟ್ಟುವವಳು. ಅವಳ ಹತ್ತಿರವೂ ಹೋಗಿ, ನಾಕು ದಿನ ಒನಕೆ ಮುಟ್ಟಬೇಡವ್ವ ಎಂದು ಬೇಡಿಕೊಂಡೆ.

"ಒಂದು ಮಗೂಗೋಸ್ಕರ ಬೀದಿಗೆಲ್ಲ ಮೌನವ್ರತವಾ ಅಕ್ಕ?" ಎಂದಳು. ಆದರೂ ಒಪ್ಪಿದಳು.

ಮನೆ ಬಾವಿಯ ತಳದಂತೆ ಸದ್ದಡಗಿತು. ಮಗು ಅಳಲು ಶುರುಮಾಡಿತು.

ಹೊಸ ಜಾಗ, ಅಳುತ್ತದೆ ಎಂದುಕೊಂಡೆ. ಮರುದಿನವೂ ಅಳು. ತೂಗಿದೆ, ಎತ್ತಿಕೊಂಡೆ, ನನಗೆ ಬರುವ ಎಲ್ಲ ದೇವರನಾಮಗಳನ್ನೂ ಪಿಸುದನಿಯಲ್ಲಿ ಹೇಳಿದೆ. ಕಣ್ಣು ಒಂದು ಚಣ ಮುಚ್ಚುವುದು, ಆಮೇಲೆ ಏನನ್ನೋ ಹುಡುಕುವಂತೆ ಪಟ್ಟನೆ ತೆರೆಯುವುದು, ಮತ್ತೆ ಅಳು. ನಿದ್ದೆಗೆಟ್ಟ ಮಗು ಸರಿಯನ್ನೂ ಉಗುಳಿತು. ಬಜೆ ತೇಯ್ದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಕೋಟೆಯೊಳಗಿನ ವೇಣುಗೋಪಾಲಸ್ವಾಮಿಯ ತೀರ್ಥ ತಂದು ಕುಡಿಸಿದೆ. ಮೂರನೆಯ ದಿನಕ್ಕೆ ಅಳುವ ಶಕ್ತಿಯೂ ಕಡಿಮೆಯಾಗಿ, ಬೆಕ್ಕಿನ ಮರಿಯ ಹಾಗೆ ಕೀಚಲು ದನಿ. ಕೆನ್ನೆ ಇಳಿದಿತ್ತು, ನೆತ್ತಿಯ ಸುಳಿ ಒಳಕ್ಕೆ ಹೋದಂತೆ ಕಾಣುತ್ತಿತ್ತು.

"ತಾಯಿ ಹತ್ರ ಕರ್ಕೊಂಡು ಹೋಗೋಣ ಕಣೇ," ಎಂದರು ಯಜಮಾನರು.

"ಅವಳೇ ಎದ್ದು ಕೂರೋ ಹಾಗಿಲ್ಲ. ಆ ಬಸ್ಸಿನ ಹೊಗೇಲಿ ಈ ಮಗೂನ..." ನನ್ನ ಕೈಗೆ ಬಂದ ಮಗು ಉಳಿಯುವುದಿಲ್ಲವೇನೋ ಎಂಬ ಮಾತು ಎದೆಯೊಳಗೆ ಕುಳಿತುಬಿಟ್ಟಿತ್ತು. ಅದನ್ನು ಅವರಿಗೂ ಹೇಳಲಿಲ್ಲ, ಗೂಡಿನ ತಾಯಿಗೂ ಹೇಳಲಿಲ್ಲ. ಅಂದು ದೀಪ ಹಚ್ಚಿದಾಗ ಎಣಿಸಲು ಒಂದು ಒಳ್ಳೆಯದೂ ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಮಗುವನ್ನು ತೊಟ್ಟಿಲಲ್ಲಿ ಹಾಕಿ ತೂಗುತ್ತಿದ್ದೆ. ಪಕ್ಕದ ಅಂಗಳದಲ್ಲಿ ಧಪ್, ಧಪ್ ಎಂದು ಒನಕೆಯ ಸದ್ದು ಶುರುವಾಯಿತು. ನನಗೆ ಎಲ್ಲಿತ್ತೋ ಸಿಟ್ಟು! ಎದ್ದು ಸೆರಗು ಸಿಕ್ಕಿಸಿಕೊಂಡು ಹೊರಟೆ.

"ಮುನಿಯಮ್ಮ! ನಿನಗೇನು ಕರುಣೆ ಇಲ್ವೇನೇ? ಮಗು ಪ್ರಾಣ ಹೋಗ್ತಿದೆ, ನಿನಗೆ ಕುಟ್ಟೋ ಅವಸರ!"

"ಮಡಕೇಲಿ ಒಂದು ಕಾಳಿಲ್ಲ ಅಕ್ಕ. ನಿಮ್ಮ ಮಗು ಮಲಗೋ ತನಕ ನಮ್ಮ ಮಕ್ಕಳು ಗಾಳಿ ತಿನ್ನೋಕಾಗುತ್ತಾ?" ಎನ್ನುತ್ತ ಅವಳು ಒನಕೆ ನಿಲ್ಲಿಸದೆಯೇ ಉತ್ತರ ಕೊಟ್ಟಳು.

ನಾನು ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದೆ. ಆಗ ಗೊತ್ತಾಯಿತು, ನನ್ನ ಮನೆಯಿಂದ ಅಳು ಕೇಳಿಸುತ್ತಿರಲಿಲ್ಲ.

ಹಿಂದೆ ಒಮ್ಮೆ ಹೀಗೆಯೇ ಅಳು ನಿಂತಿತ್ತಲ್ಲ. ಅಂಗಳ ಹೇಗೆ ದಾಟಿದೆನೋ, ಬಾಗಿಲ ಚೌಕಟ್ಟಿಗೆ ಹಣೆ ಬಡಿದದ್ದೂ ಆಮೇಲೆ ಊದಿಕೊಂಡಾಗಲೇ ತಿಳಿದದ್ದು. ತೊಟ್ಟಿಲ ಅಂಚು ಹಿಡಿದು ಬಗ್ಗಿದೆ. ಮಗು ಅಂಗಾತ ಮಲಗಿತ್ತು. ಮುಷ್ಟಿ ಬಿಚ್ಚಿತ್ತು. ಮೂಗಿನ ಹತ್ತಿರ ಬೆರಳು ಹಿಡಿದೆ. ಬೆಚ್ಚಗಿನ ಉಸಿರು ಬೆರಳಿಗೆ ತಗುಲಿತು. ಬಾಯಿ ಅರ್ಧ ತೆರೆದು, ತುಟಿಯ ತುದಿಯಲ್ಲಿ ಜೊಲ್ಲು ಸುರಿಸಿಕೊಂಡು, ಸುಬ್ಬಣ್ಣ ನಿದ್ದೆ ಮಾಡುತ್ತಿದ್ದ.

ಅಷ್ಟರಲ್ಲಿ ಪಕ್ಕದಲ್ಲಿ ಒನಕೆ ನಿಂತಿತು. ನನ್ನ ಓಟ ನೋಡಿ ಮುನಿಯಮ್ಮ ಗಾಬರಿಯಾಗಿದ್ದಳು. ಸದ್ದು ನಿಂತದ್ದೇ ತಡ, ಮಗುವಿನ ರೆಪ್ಪೆ ಅಲುಗಿತು, ಹುಬ್ಬು ಗಂಟಾಯಿತು, ಕೆಳದುಟಿ ಮುಂದೆ ಬಂತು. ಆಗ ನನ್ನ ಮಂದ ಬುದ್ಧಿಗೆ ಬೆಳಕು ಬಿತ್ತು. ಈ ಮಗುವಿಗೆ ರಾತ್ರಿ ತಾಯಿಯ ಮಗ್ಗುಲು, ಹಗಲು ಮಗ್ಗದ ಸದ್ದು. ನನ್ನ ಮನೆಯಲ್ಲಿ ಎರಡೂ ಇರಲಿಲ್ಲ. ಇದ್ದಬದ್ದ ಸದ್ದನ್ನೂ ನಾನೇ ಪಕ್ಕದ ಮನೆಗೂ ಹೋಗಿ ಅಡಗಿಸಿ ಬಂದಿದ್ದೆ!

"ಕುಟ್ಟೇ! ನಿಲ್ಲಿಸಬೇಡ, ಕುಟ್ಟೇ!" ಎಂದು ಕಿಟಕಿಯಿಂದ ಕೂಗಿದೆ.

"ಏನ್ ಅಕ್ಕ ನೀವು? ಕುಟ್ಟಿದ್ರೂ ಬೈತೀರಿ, ಬಿಟ್ರೂ ಬೈತೀರಿ!"

ಆದರೂ ಕುಟ್ಟಿದಳು ಪುಣ್ಯಾತ್ಗಿತ್ತಿ. ಅವಳ ಭತ್ತ ಮುಗಿದ ಮೇಲೆ ನಾನೇ ಒನಕೆ ಇಸಕೊಂಡೆ. ಬರೀ ಒರಳು ಕುಟ್ಟಬಾರದು, ಮನೆಗೆ ಒಳ್ಳೆಯದಲ್ಲ. ಹಾಗಾಗಿ ನಮ್ಮ ಮನೆಯ ಭತ್ತ ಸುರಿದೆ. ಅದೂ ಮುಗಿಯಿತು. ಸುದ್ದಿ ಬೀದಿಗೆ ಹರಡಿತು. ಮಾರನೆಯ ದಿನದಿಂದ ಹೆಂಗಸರು ಮೊರದಲ್ಲಿ ಭತ್ತ, ರಾಗಿ, ನವಣೆ ತುಂಬಿಕೊಂಡು ನಮ್ಮ ಬಾಗಿಲಿಗೇ ಬಂದರು. "ಮಗು ಮಲಗೋ ಹೊತ್ತಾಯ್ತಾ ಅಕ್ಕ? ನಮ್ದು ಸ್ವಲ್ಪಾನೇ ಇದೆ" ಎಂದು ಸುರಿದು, ಎಲೆಅಡಿಕೆ ಹಾಕಿಕೊಂಡು ಹರಟುತ್ತ ಕೂರುವುದು, ನಾನು ಬೆವರು ಸುರಿಸಿ ಕುಟ್ಟುವುದು. ಒಬ್ಬಳು ಒಣಮೆಣಸಿನಕಾಯಿಯನ್ನೂ ತಂದಿದ್ದಳು. ಅವಳನ್ನು ಮಾತ್ರ ವಾಪಸು ಕಳಿಸಿದೆ. ಸಂಜೆ ನನ್ನ ರಟ್ಟೆ ಬಿದ್ದುಹೋದಾಗ ಯಜಮಾನರು ಅಂಗಡಿಯ ಗಜಕಡ್ಡಿ ತಂದು ಮಣೆಯ ಮೇಲೆ ಟಕಟಕ ಬಡಿಯುತ್ತಿದ್ದರು. "ಬೆಳಗ್ಗೆಯೆಲ್ಲ ಇದರಲ್ಲಿ ಬಟ್ಟೆ ಅಳೀತೀನಿ, ಸಂಜೆ ನಿದ್ದೆ ಅಳೀತೀನಿ" ಎನ್ನುವರು. ಮಗು ಉಂಡಿತು, ಮಲಗಿತು, ಕೆನ್ನೆ ತುಂಬಿಕೊಂಡಿತು. ಗಂಟೆಗೆ ಸುತ್ತಿದ ಬಟ್ಟೆ ಬಿಚ್ಚಿ, ಎಣಿಸದೆ ಬಿಟ್ಟ ದಿನದ್ದನ್ನೂ ಸೇರಿಸಿ ತಾಯಿಗೆ ಒಪ್ಪಿಸಿದೆ.

ಗೌರ ಎದ್ದು ಓಡಾಡುತ್ತಾಳೆಂದು ಸುದ್ದಿ ಬಂದ ಕೂಡಲೇ ಮಗುವನ್ನು ಕರೆದುಕೊಂಡು ಹೋದೆವು. ಅವಳು ಬೀದಿಯ ತುದಿಗೇ ಬಂದು ನಿಂತಿದ್ದಳು. ಅರ್ಧ ಆಗಿಹೋಗಿದ್ದಳು. ಮಗುವನ್ನು ಕಿತ್ತುಕೊಂಡವಳಂತೆ ಎತ್ತಿಕೊಂಡು, ಕಿವಿಯ ಹಿಂದೆ ನೋಡಿದಳು, ಕತ್ತಿನ ಮಡಿಕೆ ಬಿಡಿಸಿ ನೋಡಿದಳು, ಅಂಗಾಲು ತಿರುಗಿಸಿ ನೋಡಿದಳು. ಮನೆಯೊಳಗೆ ಬಂದ ಮೇಲೆ ಪ್ರಶ್ನೆಗಳು.

"ಸರಿ ಗಂಟಿಲ್ದಂಗೆ ಕಾಯಿಸ್ತಿದ್ರಾ ಅತ್ಗೆ? ಆ ತೊಟ್ಲು ಬಲು ಎತ್ತರ ಅಲ್ವಾ, ಕೆಳಗೆ ಏನಾದ್ರೂ ಹಾಸಿದ್ರಾ? ಹಿತ್ತಲ ಬಾವಿ ಹತ್ರ ಬಿಟ್ಟಿರ್ಲಿಲ್ಲ ತಾನೆ?"

ಅಮ್ಮ ಮೂಲೆಯಿಂದಲೇ ನಕ್ಕಳು. "ಜ್ವರದಲ್ಲಿ ಹಗಲೂ ರಾತ್ರಿ ಇದೇ ಜಪ ಕಣೇ ಇವಳದು. ಅತ್ಗೆ ಹೆಂಗ್ ನೋಡ್ಕೋತಾರೋ, ಅತ್ಗೆ ಹೆಂಗ್ ನೋಡ್ಕೋತಾರೋ ಅಂತ. ಕಷಾಯ ಕುಡಿಸೋಕೂ ಬಿಡ್ತಿರ್ಲಿಲ್ಲ."

ಗೌರ ನಾಲಿಗೆ ಕಚ್ಚಿಕೊಂಡಳು. ನನಗೆ ಕೋಪ ಬರಬೇಕಿತ್ತು, ನಗು ಬಂತು. ಹದಿನೈದು ದಿನಕ್ಕೊಮ್ಮೆ ಇದ್ದಿಲು ಬಸ್ಸಿನಲ್ಲಿ ನಾನು ಹೊತ್ತು ತರುತ್ತಿದ್ದ ಚಿಂತೆಯ ಗಂಟನ್ನೇ ಅವಳು ಕಂಬಳಿಯೊಳಗೆ ಹೊತ್ತು ಮಲಗಿದ್ದಳು. ನಡೆದದ್ದನ್ನೆಲ್ಲ ಹೇಳಿದೆ: ಅಳು, ಒನಕೆ, ಗಜಕಡ್ಡಿ, ಹಣೆಯ ಬುಗುಟು. ಅವಳು ಕಣ್ಣರಳಿಸಿದಳು. ಅವಳಿಗೂ ಅದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಹಗಲಲ್ಲಿ ಆ ಮನೆಯ ಮಗ್ಗ ನಿಂತರೆ ತಾನೆ!

ಊಟವಾಯಿತು. ಗೌರ ಮಗುವನ್ನು ಜೋಲಿಗೆ ಹಾಕಿದಳು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಸೀರೆಯ ಗಂಟು ಬಿಗಿಯಾಗಿದೆಯೇ ಎಂದು ಎಳೆದು ಮಾತ್ರ ನೋಡಿದೆ. ಅವಳು ಅದನ್ನು ನೋಡಿದಳು. ನಂಜುಂಡ ಗುಂಡಿಗಿಳಿದು ಲಾಳಿ ಎಸೆದ. ಟಕ್ ಟಕ, ಟಕ್ ಟಕ. ಜೋಲಿ ಅದುರಿತು. ಮಗು ಒಂದು ಉದ್ದನೆಯ ಉಸಿರು ಬಿಟ್ಟು ಸುಮ್ಮನಾಯಿತು. ಎಲೆಗೆ ಸುಣ್ಣ ಹಚ್ಚುತ್ತ ಗೋಡೆಗೊರಗಿ ನೋಡುತ್ತಿದ್ದೆ. ಆಮೇಲೆ ಏನಾಯಿತೋ ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ಹೊಸಿಲು ದಾಟಿಹೋಗಿತ್ತು. ಎಲೆ ಕೈಯಲ್ಲೇ ಬಾಡಿತ್ತು.

"ಎದ್ಯಾ?" ಎಂದಳು ಅಮ್ಮ. "ತವರಿಗೆ ಬಂದಾಗೆಲ್ಲ ಹಿಂಗೇ ಬಿದ್ದುಕೋತೀಯ. ಬಸ್ಸಿನ ಆಯಾಸ ಅಂತೀಯ. ಯಾವ ಆಯಾಸಾನೇ? ನೀನು ಮಲಗಿದ್ದೂ ಇದೇ ತೊಲೆಗೆ ಕಟ್ಟಿದ ಜೋಲೀಲಿ. ಮೇಲೆ ನೋಡು, ಸೀರೆ ಉಜ್ಜಿದ ಗುರುತು ಇನ್ನೂ ಇರಬೇಕು."

ನೋಡಿದೆ. ಸುಬ್ಬಣ್ಣನ ಜೋಲಿಯ ಪಕ್ಕದಲ್ಲಿ, ಮಸಿ ಹಿಡಿದ ತೊಲೆಯ ಮೇಲೆ, ಒಂದು ಕಡೆ ಮಾತ್ರ ಮರ ನುಣುಪಾಗಿ ಹೊಳೆಯುತ್ತಿತ್ತು. ಅಲ್ಲಿ ನಾನಿದ್ದೆ, ನನ್ನ ನಂತರ ನಂಜುಂಡನಿದ್ದ. ಕಿವಿಗೂ ಏನೂ ಆಗಿಲ್ಲ, ಎದೆಗೂ ಏನೂ ಆಗಿಲ್ಲ. ಬುದ್ಧಿಗೆ ಸ್ವಲ್ಪ ಏನಾದರೂ ಆಗಿದ್ದರೆ ಅದು ಮಗ್ಗದ ತಪ್ಪಲ್ಲ.

ಹೊರಡುವಾಗ ಗೌರ ನನ್ನ ಗಂಟಿನಲ್ಲಿ ಎಳ್ಳು ಬೆಲ್ಲದ ಚಿಗಳಿ, ಬಾಳೆಹಣ್ಣಿನ ಜೊತೆ ಒಂದು ಹಳೆಯ ಲಾಳಿಯನ್ನೂ ಇಟ್ಟಳು. "ಇವನು ಮತ್ತೆ ನಿಮ್ಮನೆಗೆ ಬಂದಾಗ ಬೇಕಾಗುತ್ತಲ್ಲ ಅತ್ಗೆ. ಬೀದಿಯೋರ ಭತ್ತ ಎಲ್ಲ ಎಷ್ಟು ದಿನ ಅಂತ ಕುಟ್ತೀರಿ?" ಎಂದಳು. ಮತ್ತೆ ಬಂದಾಗ ಎಂದಳು. ಆ ಮಾತನ್ನು ಬಸ್ಸಿನುದ್ದಕ್ಕೂ ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡು ಬಂದೆ. ಲಾಳಿಯನ್ನು ಎಲ್ಲಿಡುವುದೆಂದು ತಿಳಿಯದೆ ತಾಯಿಯ ಮುಂದಿಟ್ಟೆ. ತೊಟ್ಟಿಲನ್ನು ಅಟ್ಟಕ್ಕೆ ಏರಿಸಲಿಲ್ಲ.

ಈಗ ಗೌರಳಿಗೆ ಇನ್ನೊಂದು ಮಗು, ಹೆಣ್ಣು. ಅದೂ ಅದೇ ತೊಲೆಯಲ್ಲಿ. ನನಗೆ ಚಿಂತೆ ಪೂರ್ತಿ ಹೋಗಿದೆಯೆಂದು ತಿಳಿಯಬೇಡಿ. ಸೀರೆಯ ಗಂಟನ್ನು ಈಗಲೂ ಎಳೆದು ನೋಡುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಸುಬ್ಬಣ್ಣ ಇವತ್ತಿನ ಚಕ್ಕುಲಿಯನ್ನೂ ಮುಗಿಸಿ, ಗೂಡಿನಿಂದ ಲಾಳಿಯನ್ನು ಮತ್ತೆ ಇಳಿಸಿಕೊಂಡು, ಅದನ್ನು ಬಸ್ಸು ಮಾಡಿ ಕಲ್ಲುಹಾಸಿನ ಮೇಲೆ ಗಡಗಡ ಓಡಿಸುತ್ತಿದ್ದಾನೆ. ಅಂಗಡಿಯಿಂದ ಬಂದ ಯಜಮಾನರು ಬಾಗಿಲಲ್ಲೇ ನಿಂತು, "ಏನೇ ಇದು, ದೇವರ ಮುಂದೆ ಈ ಗಲಾಟೆ!" ಎನ್ನುತ್ತಿದ್ದಾರೆ.

ದೀಪ ಹಚ್ಚುವ ಹೊತ್ತಾಯಿತು. ಇವತ್ತು ತಾಯಿಗೆ ಮೊದಲು ಹೇಳುವುದು ಈ ಗಲಾಟೆಯನ್ನೇ.